ಮರುಭೂಮಿಯಿಂದ ಪೈನ್ ಕಾಡಿಗೆ ಓಡುವುದಾದರೆ ಎಷ್ಟು ಗಂಟೆಗೆ ಹೊರಡಬೇಕು?

ಪ್ರಶ್ನೆ: ನನಗೆ 41 ವರ್ಷ. ನಾಲ್ಕು ವರ್ಷಗಳಿಂದ ರಸ್ತೆಯಲ್ಲಿ ಓಡುತ್ತಿದ್ದೇನೆ, ವಾರಕ್ಕೆ 35ರಿಂದ 40 ಕಿ.ಮೀ. ಹಾಫ್ ಮ್ಯಾರಥಾನ್ 2 ಗಂಟೆ 5 ನಿಮಿಷದಲ್ಲಿ ಮುಗಿಸುತ್ತೇನೆ. ಈಗ ಕೆಲಸದ ನಿಮಿತ್ತ ಅರಿಜೋನಾದ ಟೂಸಾನ್‌ನಲ್ಲಿದ್ದೇನೆ. ಏಪ್ರಿಲ್ ಕೊನೆಯ ವಾರ ಇಬ್ಬರು ಗೆಳತಿಯರ ಜೊತೆ ಸಾಂತಾ ಕ್ಯಾಟಲಿನಾ ಬೆಟ್ಟಗಳಲ್ಲಿ ಓಡಬೇಕೆಂದಿದ್ದೇವೆ. ಸುಮಾರು 850 ಮೀಟರ್ ಎತ್ತರದ ಕಳ್ಳಿ ಬಯಲಿನಿಂದ ಹೊರಟು, ಕಣಿವೆಯೊಳಗೆ ಹತ್ತಿ, 2,400 ಮೀಟರ್ ಎತ್ತರದ ಪೈನ್ ಕಾಡು ಮುಟ್ಟಿ, ಅದೇ ದಾರಿಯಲ್ಲಿ ವಾಪಸ್. ಒಟ್ಟು 34 ಕಿ.ಮೀ., ಏರು 1,800 ಮೀಟರ್. ಬೆಳಿಗ್ಗೆ 7ಕ್ಕೆ ಹೊರಟರೆ 12ಕ್ಕೆ ಮುಗಿಸಬಹುದು ಎಂದು ನಮ್ಮ ಲೆಕ್ಕ. ಗಂಟೆಗೆ ಒಂದು ಲೀಟರ್ ನೀರು ಕುಡಿಯಲೇಬೇಕು, ಸೆಳೆತ ಬಾರದಂತೆ ಉಪ್ಪಿನ ಮಾತ್ರೆ ನುಂಗಬೇಕು, ಮಂಡಿ ನೋಯದಂತೆ ಮೊದಲೇ ಐಬುಪ್ರೊಫೆನ್ ತೆಗೆದುಕೊಳ್ಳಬೇಕು, ವಾಟರ್‌ಪ್ರೂಫ್ ಶೂ ಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾವಿನ ಭಯ ಬೇರೆ. ಕೈಯಲ್ಲಿ ಒಂಬತ್ತು ವಾರ ಇದೆ. ಇದು ನನ್ನಿಂದ ಆಗುತ್ತದೆಯೇ?

ಉತ್ತರ: ಆಗುತ್ತದೆ. ನಾಲ್ಕು ವರ್ಷ ಬಿಡದೆ ಓಡಿದವರು ಒಂಬತ್ತು ವಾರದಲ್ಲಿ ಇಂಥ ದಾರಿಗೆ ಮೈ ಹದ ಮಾಡಿಕೊಳ್ಳಬಹುದು. ಆದರೆ 7ಕ್ಕೆ ಹೊರಟು 12ಕ್ಕೆ ಮುಗಿಸುವುದು ಆಗುವುದಿಲ್ಲ. ನೀರು, ಉಪ್ಪು, ಶೂ, ಹಾವು ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಮಾತ್ರ ಆ 7 ಗಂಟೆ.

ರಸ್ತೆ ಓಟಗಾರರು ಕಿಲೋಮೀಟರಿನಲ್ಲಿ ಯೋಚಿಸುತ್ತಾರೆ, ಅದು ಅಭ್ಯಾಸಬಲ. ಬೆಟ್ಟದ ಓಟದಲ್ಲಿ ಇನ್ನೊಂದು ಲೆಕ್ಕ ರೂಢಿಯಲ್ಲಿದೆ: ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಹೆಚ್ಚುವರಿ ಸೇರಿಸಿ. ನಿಮ್ಮ 34ಕ್ಕೆ 18 ಸೇರಿದರೆ 52. ರಸ್ತೆಯಲ್ಲಿ ನೀವು ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುತ್ತೀರಿ. ಕಲ್ಲು, ಮರಳು, ಬೆನ್ನಿನ ಮೇಲಿನ ನೀರು, ಎತ್ತರ ಎಲ್ಲ ಸೇರಿದ ಕಾಲುದಾರಿಯಲ್ಲಿ ಮೊದಲ ಸಲಕ್ಕೆ ಎಂಟೂವರೆ ನಿಮಿಷ ಹಿಡಿಯಿರಿ. 52ನ್ನು ಎಂಟೂವರೆಯಿಂದ ಗುಣಿಸಿದರೆ ಏಳು ಗಂಟೆ ಇಪ್ಪತ್ತೆರಡು ನಿಮಿಷ. ನೀರು ತುಂಬಿಕೊಳ್ಳುವುದು, ಶೂ ಕೊಡವಿಕೊಳ್ಳುವುದು, ನಕ್ಷೆ ನೋಡುವುದು ಸೇರಿ ಎಂಟು ಗಂಟೆ. ಅದರಲ್ಲಿ ಐದು ಗಂಟೆ ಹತ್ತುವುದಕ್ಕೇ ಹೋಗುತ್ತದೆ. ಹಾಗಾದರೆ 7ಕ್ಕೆ ಹೊರಟವರು ಕಾಡಿನ ತುದಿ ಮುಟ್ಟುವುದು ಮಧ್ಯಾಹ್ನ 12ಕ್ಕೆ. ಆಮೇಲೆ ದಣಿದ ಕಾಲು, ಅರ್ಧ ಖಾಲಿಯಾದ ನೀರಿನ ಚೀಲ ಹೊತ್ತು ಕಣಿವೆಯ ಬುಡಕ್ಕೆ ಇಳಿಯುವುದು ಒಂದೂವರೆಯಿಂದ ಮೂರು ಗಂಟೆಯೊಳಗೆ. ದಿನದ ಅತಿ ಬಿಸಿ ಹೊತ್ತು ಅದೇ.

ಈ ದಾರಿಯ ಸ್ವಭಾವ ಇರುವುದೇ ಇಲ್ಲಿ. ಸೊನೋರಾ ಮರುಭೂಮಿಯ ನಡುವೆ ಎದ್ದು ನಿಂತ ಇಂಥ ಬೆಟ್ಟಗಳನ್ನು ಆಕಾಶದ ದ್ವೀಪಗಳು ಎಂದೇ ಕರೆಯುತ್ತಾರೆ. ಸಾಂತಾ ಕ್ಯಾಟಲಿನಾದ ತುದಿ ಮೌಂಟ್ ಲೆಮ್ಮನ್ 2,792 ಮೀಟರ್. ಬುಡದಲ್ಲಿ ಸಗ್ವಾರೊ ಕಳ್ಳಿ, ಮೇಲೆ ಹೋದಂತೆ ಹುಲ್ಲು, ಓಕ್, ಜೂನಿಪರ್, ಆಮೇಲೆ ಪಾಂಡೆರೋಸಾ ಪೈನ್, ತುದಿಯ ಉತ್ತರ ಮಗ್ಗುಲಲ್ಲಿ ಫರ್ ಮರಗಳು. ವಾತಾವರಣದಲ್ಲಿ ಸರಾಸರಿ ಪ್ರತಿ ಸಾವಿರ ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಶಾಖ ಇಳಿಯುತ್ತದೆ. ಒಣ ಹವೆಯ ಬಿಸಿಲಿನ ಮಧ್ಯಾಹ್ನ ಅದು 9-10 ಡಿಗ್ರಿಗೆ ಹತ್ತಿರವಾಗುತ್ತದೆ. ಅಂದರೆ ನಿಮ್ಮ ದಾರಿಯ ಮೇಲ್ತುದಿಗೂ ಕೆಳತುದಿಗೂ 10ರಿಂದ 15 ಡಿಗ್ರಿ ಅಂತರ. ಮೇಲೆ ಪೈನ್ ನೆರಳಿನಲ್ಲಿ ಕೂತಾಗ ಕೆಳಗೇನು ಕಾದಿದೆ ಎಂದು ಮೈಗೆ ತಿಳಿಯುವುದೇ ಇಲ್ಲ. ಟೂಸಾನ್‌ನಲ್ಲಿ ಏಪ್ರಿಲ್ ಕೊನೆಯ ಸಾಮಾನ್ಯ ಗರಿಷ್ಠ ತಾಪಮಾನ 30 ಡಿಗ್ರಿಯ ಆಸುಪಾಸು, ಕೆಲವು ವರ್ಷ 35 ದಾಟುವುದೂ ಉಂಟು. ಅದು ನೆರಳಿನಲ್ಲಿ ಅಳೆದ ಗಾಳಿಯ ಶಾಖ. ಕಣಿವೆಯಲ್ಲಿ ಎರಡೂ ಕಡೆಯ ಬಂಡೆ ಬೆಳಿಗ್ಗೆಯಿಂದ ಹೀರಿದ ಬಿಸಿಯನ್ನು ನಿಮ್ಮ ಮೇಲೆ ಕಾರುತ್ತಿರುತ್ತದೆ, ಗಾಳಿಯಾಡುವುದೂ ಕಡಿಮೆ.

ಇನ್ನೊಂದು ವಿಚಿತ್ರವಿದೆ. ನಸುಕಿನಲ್ಲಿ ತಂಪು ಗಾಳಿ ಹರಿದು ಬಂದು ಕಣಿವೆಯ ತಳದಲ್ಲಿ ನಿಲ್ಲುವುದರಿಂದ, ಬುಡದಲ್ಲಿ ನಡುಕ ಹುಟ್ಟಿ ನೂರು ಮೀಟರ್ ಮೇಲೆ ಹಿತವಾಗಿರುವುದುಂಟು. ಹೊರಟಾಗ ಚಳಿ ಎಂದು ದಪ್ಪ ಬಟ್ಟೆ ಹಾಕಿಕೊಂಡವರು ಇಪ್ಪತ್ತು ನಿಮಿಷದಲ್ಲಿ ಬೆವರಿ ತೊಪ್ಪೆಯಾಗುತ್ತಾರೆ. ಮೊದಲ ಹತ್ತು ನಿಮಿಷ ಚಳಿ ತಡೆದುಕೊಳ್ಳಿ.

ನಾಲ್ಕು ಆಯ್ಕೆಗಳು

ದಾರಿ ಅದೇ ಇರಲಿ, ಅದನ್ನು ಓಡುವ ಬಗೆ ಬದಲಿಸಬಹುದು.

ಮೊದಲನೆಯದು, ನೀವು ಅಂದುಕೊಂಡ ಹಾಗೆಯೇ ಹೋಗಿ ಬರುವುದು, ಆದರೆ ಬೆಳಗಿನ ಜಾವ 4ಕ್ಕೆ ಹೊರಟು. ಅಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 5:40ರ ಸುಮಾರಿಗೆ. ಒಂದೂವರೆ ಗಂಟೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಹೋಗಬೇಕು, 9ಕ್ಕೆ ತುದಿ, 12ರೊಳಗೆ ಬುಡ. ಕೊನೆಯ ಒಂದು ಗಂಟೆ ಬಿಸಿಲು ತಪ್ಪುವುದಿಲ್ಲ, ಆದರೆ ಸಹಿಸಬಹುದಾದ ಬಿಸಿಲು. ಅಪಾಯ ಎರಡು: ಕತ್ತಲಲ್ಲಿ ಒಣಹಳ್ಳ ದಾಟುವಾಗ ದಾರಿ ತಪ್ಪುವುದು, ಮತ್ತು "ಇನ್ನೇನು ಸ್ವಲ್ಪ, ತುದಿ ಮುಟ್ಟಿಯೇ ಬಿಡೋಣ" ಎಂಬ ಆಸೆ. ಆದ್ದರಿಂದ ಹೊರಡುವ ಮುಂಚೆಯೇ ಹಿಂದಿರುಗುವ ಹೊತ್ತು ಗೊತ್ತು ಮಾಡಿಕೊಳ್ಳಿ. 9:30ಕ್ಕೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಮೂವರೂ ಒಪ್ಪಿ, ಗಡಿಯಾರದಲ್ಲಿ ಅಲಾರಂ ಇಟ್ಟುಕೊಳ್ಳಿ. ಮೇಲೆ ಹೋದ ಮೇಲೆ ಚರ್ಚೆ ಬೇಡ.

ಎರಡನೆಯದು, ಹತ್ತಿ ಅಲ್ಲೇ ಮುಗಿಸುವುದು. ಈ ಬೆಟ್ಟದ ಮೇಲಕ್ಕೆ ಡಾಂಬರು ರಸ್ತೆಯಿದೆ, ಯಾರಾದರೂ ಕಾರು ತರಬಹುದು. ನಿಮ್ಮ ಮೊದಲ ಪ್ರಯತ್ನಕ್ಕೆ ನಾನು ಹೇಳುವುದು ಇದನ್ನೇ. ದಿನ ಬಿಸಿಯಾದಂತೆ ನೀವು ತಂಪಿನ ಕಡೆಗೇ ಹೋಗುತ್ತಿರುತ್ತೀರಿ, ತೊಡೆ ಒಡೆಯುವ ಇಳಿತವೂ ಇಲ್ಲ. ಇಲ್ಲಿ ಎಡವುವುದು ಕಾರಿನ ವಿಷಯದಲ್ಲಿ. ಫೋನ್ ಸಿಗದೆ, ಬರುವವರು ತಡವಾಗಿ, ಬೆವರಿದ ಬಟ್ಟೆಯಲ್ಲಿ ಒಂದು ಗಂಟೆ ಗಾಳಿಗೆ ನಿಂತರೆ ನಡುಕ ಖಂಡಿತ. ಒಣ ಅಂಗಿ, ಜಾಕೆಟ್ ನಿಮ್ಮ ಬೆನ್ನಲ್ಲೇ ಇರಲಿ, ಕಾರಿನಲ್ಲಿ ಬರಲಿ ಎಂದು ಬಿಡಬೇಡಿ.

ಮೂರನೆಯದು, ಮೇಲಿನಿಂದ ಕೆಳಗೆ ಓಡುವುದು. ಹೊಸಬರಿಗೆ ಇದೇ ಸುಲಭ ಎನಿಸುತ್ತದೆ, ನನಗೆ ಎಲ್ಲಕ್ಕಿಂತ ಕಡಿಮೆ ಇಷ್ಟ. 1,500 ಮೀಟರ್ ಇಳಿತದಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಅರ್ಧ ದಾರಿಯಲ್ಲೇ ಕಾಲು ಮಾತು ಕೇಳುವುದಿಲ್ಲ. ಓಡೋಡಿ ಇಳಿದಷ್ಟೂ ಬಿಸಿ ಹೆಚ್ಚುತ್ತದೆ, ಮನಸ್ಸು ಬದಲಾದರೆ ಹಿಂದಿರುಗಲು ಏರು ಹತ್ತಬೇಕು. ಇದೇ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ಈ ಬಲೆಗೆ ಹೆಸರುವಾಸಿ. ಅಲ್ಲಿ ಸುಮಾರು 2,100 ಮೀಟರ್ ಎತ್ತರದ ದಕ್ಷಿಣ ಅಂಚಿನಿಂದ 750 ಮೀಟರಿನ ನದೀತಳಕ್ಕೆ ಇಳಿಯುತ್ತಾರೆ, ತಳ ಅಂಚಿಗಿಂತ ಹತ್ತು ಡಿಗ್ರಿಗೂ ಮೀರಿ ಬಿಸಿಯಿರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ, ಒಂದೇ ದಿನದಲ್ಲಿ ನದಿಗೆ ಹೋಗಿ ಬರುವ ಸಾಹಸ ಬೇಡ ಎಂದು ಉದ್ಯಾನದವರು ಎಚ್ಚರಿಸುತ್ತಲೇ ಇರುತ್ತಾರೆ.

ನಾಲ್ಕನೆಯದು, ಎರಡನ್ನೂ ಬೇರೆ ಬೇರೆ ದಿನ ಓಡುವುದು: ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೆಳಗಿನ ಕಳ್ಳಿ ಬಯಲು, ಮೇ-ಜೂನ್‌ನಲ್ಲಿ ಮೇಲಿನ ಕಾಡು. ಅಲ್ಲಿ ನೆಲೆಸಿದ ಓಟಗಾರರು ವರ್ಷವಿಡೀ ಮಾಡುವುದು ಇದನ್ನೇ. ಸಾಹಸದ ರುಚಿ ಕಡಿಮೆ, ಅಷ್ಟೇ.

ಗಂಟೆಗೆ ಒಂದು ಲೀಟರ್ ಎಂಬ ಮಾತು

ಮರುಭೂಮಿ ಎಂದ ಕೂಡಲೇ ಎಲ್ಲರೂ ನೀರು ಕುಡಿ, ಇನ್ನಷ್ಟು ಕುಡಿ ಎನ್ನುತ್ತಾರೆ. ಬೆವರು ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರುವುದರಿಂದ ಎಲ್ಲರಿಗೂ ಹೊಂದುವ ಲೆಕ್ಕವಿಲ್ಲ. ನಿಮ್ಮದನ್ನು ನೀವೇ ಅಳೆಯಬಹುದು. ಮೂತ್ರ ಮಾಡಿ, ಬಟ್ಟೆ ಕಳಚಿ ತೂಕ ನೋಡಿ. ಬಿಸಿಲಲ್ಲಿ ಒಂದು ಗಂಟೆ, ಬೆಟ್ಟದ ಓಟದಷ್ಟೇ ಶ್ರಮದಲ್ಲಿ ಓಡಿ. ಮೈ ಒರೆಸಿಕೊಂಡು ಮತ್ತೆ ತೂಗಿ. ತೂಕ 62.0ರಿಂದ 61.2 ಕೆ.ಜಿ.ಗೆ ಇಳಿದಿದ್ದು, ನಡುವೆ 400 ಮಿ.ಲೀ. ಕುಡಿದಿದ್ದರೆ ಬೆವರು 1.2 ಲೀಟರ್. ತಂಪಿನ ದಿನ ಇನ್ನೊಮ್ಮೆ ಅಳೆದರೆ ಕಾಡಿನ ಭಾಗದ ಲೆಕ್ಕವೂ ಸಿಗುತ್ತದೆ.

ಹಾಗೆಂದು ಕಳೆದುಕೊಂಡಷ್ಟನ್ನೂ ತುಂಬಿಕೊಳ್ಳಬೇಕಾಗಿಲ್ಲ. ಕರುಳು ಗಂಟೆಗೆ ಸುಮಾರು 800 ಮಿ.ಲೀ.ನಿಂದ ಒಂದು ಲೀಟರಿಗಿಂತ ಹೆಚ್ಚು ಹೀರಿಕೊಳ್ಳಲು ಒದ್ದಾಡುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಕುಲುಕಾಡಿ ವಾಕರಿಕೆ ತರುತ್ತದೆ. ತೂಕದಲ್ಲಿ ನೂರಕ್ಕೆ 2-3ರಷ್ಟು ಇಳಿದು ಮುಗಿಸಿದರೆ ತೊಂದರೆಯಿಲ್ಲ. ಬಾಯಾರಿಕೆಗೆ ತಕ್ಕಂತೆ, ಗಂಟೆಗೆ 500ರಿಂದ 700 ಮಿ.ಲೀ. ಎಂದು ಶುರು ಮಾಡಿ. ಏಳೆಂಟು ಗಂಟೆಗೆ ನಾಲ್ಕರಿಂದ ಐದು ಲೀಟರ್ ಆಗುತ್ತದೆ. ಹತ್ತಿ ಅಲ್ಲೇ ಮುಗಿಸುವುದಾದರೆ ಮೂರರಿಂದ ಮೂರೂವರೆ ಲೀಟರ್.

ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇದೇ ಹೈಪೋನಾಟ್ರೀಮಿಯಾ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅದಕ್ಕೆ ತೀರಾ ಹತ್ತಿರದ ನಂಟಿದ್ದದ್ದು ಓಟದಲ್ಲಿ ತೂಕ ಏರಿದ್ದಕ್ಕೆ. ನಿಧಾನವಾಗಿ ಓಡುವವರಿಗೆ, ಅಂದರೆ ಕುಡಿಯಲು ಹೆಚ್ಚು ಹೊತ್ತು ಸಿಗುವವರಿಗೆ, ಈ ಅಪಾಯ ಹೆಚ್ಚು. ಬೆರಳು ಊದಿ ಉಂಗುರ ಬಿಗಿಯಾಗುವುದು, ಗಡಿಯಾರದ ಪಟ್ಟಿ ಒತ್ತುವುದು, ತಲೆನೋವು, ವಾಂತಿ, ಗೊಂದಲ ಇದರ ಲಕ್ಷಣಗಳು. ತಲೆನೋವು, ವಾಂತಿ ನೀರಿನ ಕೊರತೆಯಲ್ಲೂ ಬರುತ್ತವೆ ಎಂಬುದೇ ಕಷ್ಟ. ತಪ್ಪು ತಿಳಿದು ಮತ್ತೆ ನೀರು ಕುಡಿಸಿದರೆ ಪ್ರಾಣಕ್ಕೇ ಕುತ್ತು. ಸರಿಯಾಗಿ ಕುಡಿಯುತ್ತ ಬಂದವರಿಗೆ, ಬಾಯಾರಿಕೆಯಿಲ್ಲದೆ, ಬೆರಳು ಊದಿದ್ದರೆ ನೀರು ನಿಲ್ಲಿಸಿ, ಉಪ್ಪಿನದೇನಾದರೂ ತಿನ್ನಿಸಿ, ಸಹಾಯಕ್ಕೆ ಕರೆ ಮಾಡಿ.

ಉಪ್ಪಿನ ಮಾತ್ರೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಓಟದ ಸೆಳೆತಕ್ಕೆ ಮುಖ್ಯ ಕಾರಣ ದಣಿದ ಸ್ನಾಯು ಮತ್ತು ಅದನ್ನು ಹಿಡಿತದಲ್ಲಿಡುವ ನರಗಳ ಏರುಪೇರು. ಅದಕ್ಕೇ ನಿಂತು ಮೀನಖಂಡವನ್ನು ಹಿಗ್ಗಿಸಿದರೆ ನಿಮಿಷದೊಳಗೆ ಬಿಡುತ್ತದೆ, ಅಷ್ಟರಲ್ಲಿ ಯಾವ ಉಪ್ಪೂ ರಕ್ತ ಸೇರಿರುವುದಿಲ್ಲ. ದೀರ್ಘ ಓಟದಲ್ಲಿ ಲೀಟರಿಗೆ 300ರಿಂದ 700 ಮಿ.ಗ್ರಾಂ. ಸೋಡಿಯಂ ಇರುವ ಪಾನೀಯ ಒಳ್ಳೆಯದೇ, ಅಂಗಿಯ ಮೇಲೆ ಬಿಳಿ ಪಟ್ಟೆ ಮೂಡುವವರಿಗೆ ಇನ್ನೂ ಒಳ್ಳೆಯದು. ಆದರೆ ಅತಿಯಾಗಿ ನೀರು ಕುಡಿದವರನ್ನು ಮಾತ್ರೆ ಉಳಿಸುವುದಿಲ್ಲ.

ನೀರು ಹೊರುವ ಬಗೆ: ಬೆನ್ನಿನ ಚೀಲದಲ್ಲಿ 2 ಲೀಟರ್, ಎದೆಯ ಮೇಲೆ ಅರ್ಧ ಲೀಟರಿನ ಎರಡು ಮೆತ್ತನೆ ಬಾಟಲಿ. ಹೋಗಿ ಬರುವುದಾದರೆ ಇಷ್ಟು ಸಾಲದು, ಉಳಿದದ್ದಕ್ಕೂ ದಾರಿ ಮಾಡಿಕೊಳ್ಳಬೇಕು. ಬೆನ್ನಿನ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ, ಬಾಟಲಿಯಲ್ಲಿ ಕಾಣುತ್ತದೆ. ಹಾಗಾಗಿ ಮೊದಲು ಚೀಲ, ಆಮೇಲೆ ಬಾಟಲಿ. ಚೀಲದ ನೀರು ಮುಗಿದದ್ದೇ ಇನ್ನು ಒಂದು ಲೀಟರ್ ಮಾತ್ರ ಎಂಬ ಎಚ್ಚರಿಕೆ. ನಕ್ಷೆಯಲ್ಲಿ ತೊರೆ, ಊಟೆ ಎಂದು ಗುರುತಿಸಿದ್ದನ್ನು ನಂಬಬೇಡಿ. ಮಾರ್ಚ್‌ನಲ್ಲಿ ಹರಿದದ್ದು ಮೇನಲ್ಲಿ ಒಣಗಿರುತ್ತದೆ. ಆ ವಾರ ಕಂಡು ಬಂದವರು ಇದೆ ಎಂದರಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಿಕ್ಕಿದ ನೀರನ್ನು ಸೋಸಿಯೇ ಕುಡಿಯಿರಿ. ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಅರ್ಧ ಗಂಟೆ ಸಾಕು, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಸಾಯಲು ನಾಲ್ಕು ಗಂಟೆ ಬೇಕು. ಓಟದಲ್ಲಿ ಅಷ್ಟು ಕಾಯುವವರಾರು? ಫಿಲ್ಟರ್ ಇರುವ ಬಾಟಲಿಯೇ ಮೇಲು.

ಒಣ ಹವೆಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ ಬೆವರುತ್ತಿಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಇದರ ಜೊತೆಗೇ ಹುಟ್ಟಿದ ಇನ್ನೊಂದು ತಪ್ಪು ನಂಬಿಕೆ: ಮೈ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಎಂಬುದು. ಓಡುವಾಗ ಬರುವ ಹೀಟ್ ಸ್ಟ್ರೋಕ್‌ನಲ್ಲಿ ಮೈ ಬೆವರಿರುವುದೇ ಹೆಚ್ಚು. ನೋಡಬೇಕಾದದ್ದು ತಲೆಯನ್ನು, ಚರ್ಮವನ್ನಲ್ಲ. ಗೆಳತಿ ತೊದಲಿದರೆ, ತೂರಾಡಿದರೆ, ಸಿಡುಕಿ ಅಸಂಬದ್ಧ ಮಾತಾಡಿದರೆ ಅಲ್ಲೇ ನಿಲ್ಲಿಸಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಇದ್ದ ನೀರನ್ನು ಮೈಮೇಲೆ ಚಿಮುಕಿಸಿ ಬೀಸುತ್ತಲೇ ಇರಿ. ಒಣ ಗಾಳಿಯಲ್ಲಿ ಇದು ಚೆನ್ನಾಗಿ ತಂಪು ಮಾಡುತ್ತದೆ. ಹತ್ತಿರ ಹೊಂಡವಿದ್ದರೆ ತಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ಮುಳುಗಿಸಿ. ಒಬ್ಬರು ತಂಪು ಮಾಡುತ್ತಿರಲಿ, ಇನ್ನೊಬ್ಬರು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಲಿ. ಮೊದಲು ತಂಪು ಮಾಡುವುದು, ಸಾಗಿಸುವುದು ಆಮೇಲೆ.

ಮುಂಚಿತವಾಗಿ ನೋವಿನ ಮಾತ್ರೆ

ಬೇಡ, ಖಂಡಿತ ಬೇಡ. ಬಿಸಿಲಲ್ಲಿ ಗಂಟೆಗಟ್ಟಲೆ ಓಡುವಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಒಳಬರುವ ರಕ್ತನಾಳಗಳನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ, ದೇಹವೇ ತಯಾರಿಸುವ ರಾಸಾಯನಿಕಗಳು, ಐಬುಪ್ರೊಫೆನ್ ಅವನ್ನೇ ತಡೆಯುತ್ತದೆ. 80 ಕಿ.ಮೀ. ಓಟಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಐಬುಪ್ರೊಫೆನ್ ನುಂಗಿದವರಲ್ಲಿ ಶೇ. 52, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 34 ಮಂದಿಗೆ ಮೂತ್ರಪಿಂಡಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದದ್ದು ಕಂಡಿತು. ಸಣ್ಣ ಪ್ರಯೋಗ, ನಿಜ. ಆದರೆ ನೀವು ನುಂಗಬೇಕೆಂದಿರುವುದು ಇನ್ನೂ ಬಾರದ ನೋವಿಗೆ. ಓಟದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕಾಲ ಕೆಳಗಿನ ನೆಲ

ಮೂರು ಬಗೆಯ ನೆಲ ಸಿಗುತ್ತದೆ. ಮೊದಲು ಒಣಹಳ್ಳದ ಮರಳು. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿಗೆ ಎಳೆತ ಹೆಚ್ಚು. ಹಳ್ಳದ ನಡುವೆ ಹೋಗದೆ, ಜಲ್ಲಿ ಕೂತಿರುವ, ಬಣ್ಣ ತುಸು ಕಪ್ಪಾಗಿರುವ ಅಂಚು ಹಿಡಿಯಿರಿ. ಹೆಜ್ಜೆ ಗಿಡ್ಡದಾಗಿರಲಿ, ಬೆರಳು ಒತ್ತಿ ನೂಕಬೇಡಿ. ಆಮೇಲೆ ಕಣಿವೆಯ ಗ್ರಾನೈಟ್. ಬಂಡೆ ಪುಡಿಯಾಗಿ ಉದುರಿದ ಹರಳು ಗಟ್ಟಿ ಬಂಡೆಯ ಮೇಲೆಯೇ ಹರಡಿರುತ್ತದೆ, ಸಿಮೆಂಟ್ ನೆಲದ ಮೇಲೆ ಸಾಸಿವೆ ಚೆಲ್ಲಿದ ಹಾಗೆ. ಏರುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಹಿಮ್ಮಡಿ ಊರಿದರೆ ಜಾರಿ ಕೂರುತ್ತೀರಿ. ಮೈಭಾರ ಹಿಂದಕ್ಕೆ ಹಾಕದೆ ಇಡೀ ಪಾದ ಊರಿ. ಕೊನೆಗೆ ಕಾಡು. ಪೈನ್ ಎಲೆಗಳ ಹಾಸು ಮೆತ್ತಗೆ ಎಂದು ವೇಗ ಹೆಚ್ಚಿಸುತ್ತೀರಿ, ಅದರಡಿ ಬೇರೂ ಕಲ್ಲೂ ಅಡಗಿರುತ್ತವೆ. ಕಾಲು ಉಳುಕುವುದು ಹೆಚ್ಚಾಗಿ ಇಲ್ಲೇ.

2020ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಕಾಡ್ಗಿಚ್ಚು ಈ ಬೆಟ್ಟಗಳಲ್ಲಿ ಸುಮಾರು 1 ಲಕ್ಷ 20 ಸಾವಿರ ಎಕರೆ ಸುಟ್ಟಿತು. ಸುಟ್ಟ ಕಡೆ ಮಳೆನೀರು ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ, ಮರಗಳು ಅಡ್ಡ ಬಿದ್ದಿರುತ್ತವೆ, ಸತ್ತು ನಿಂತ ಮರಗಳು ಗಾಳಿಗೆ ಮುರಿಯುತ್ತವೆ. ಅಂಥ ಜಾಗದಲ್ಲಿ ತಿನ್ನಲು ಕೂರಬೇಡಿ, ದಾಟಿ ಹೋಗಿ. ನೀವು ಓಡುವ ದಾರಿ ಸದ್ಯ ಹೇಗಿದೆ ಎಂದು ಈ ಬೆಟ್ಟಗಳನ್ನು ನೋಡಿಕೊಳ್ಳುವ ಕೊರೊನಾಡೊ ರಾಷ್ಟ್ರೀಯ ಅರಣ್ಯದವರಲ್ಲಿ ಹಿಂದಿನ ದಿನ ವಿಚಾರಿಸಿ.

ಶೂ ವಾಟರ್‌ಪ್ರೂಫ್ ಬೇಡ. ಒಳಗೆ ಬಂದ ಮರಳೂ ಬೆವರೂ ಹೊರಹೋಗದೆ ಪಾದ ಬೆಂದು ನೀರ್ಗುಳ್ಳೆ ಏಳುತ್ತದೆ. 4-5 ಮಿ.ಮೀ. ಹಲ್ಲಿನ ಅಟ್ಟೆ, ಚೂಪುಗಲ್ಲು ತಡೆಯುವ ತೆಳು ಗಟ್ಟಿ ಪದರ, ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಬಿಸಿಯಲ್ಲಿ ಪಾದ ಊದುವುದರಿಂದ ಸಂಜೆ ಹೊತ್ತು ಅಳತೆ ನೋಡಿ. ಶೂ ಬಾಯಿಯಿಂದ ಮರಳು ನುಗ್ಗದಂತೆ ಮೇಲೆ ಬಟ್ಟೆಯ ಹೊದಿಕೆ (ಗೇಟರ್) ಹಾಕಿ. ಚುರುಗುಟ್ಟಿದ ಕೂಡಲೇ ನಿಂತು, ಮರಳು ಕೊಡವಿ, ಚರ್ಮ ಒರೆಸಿ ಟೇಪ್ ಅಂಟಿಸಿ. ಎರಡು ನಿಮಿಷದ ಕೆಲಸವನ್ನು ಮುಂದೂಡಿದರೆ ಎರಡು ಗಂಟೆ ಕುಂಟಬೇಕಾಗುತ್ತದೆ. ಮರಳು ಮುಗಿದು ಕಾಡು ಶುರುವಾಗುವಲ್ಲಿ ಕಾಲುಚೀಲ ಬದಲಿಸುವುದು ಒಳ್ಳೆಯ ರೂಢಿ.

ಯಾರೂ ಕೇಳದ ಚಳಿ

ನಿಮ್ಮ ಪತ್ರದಲ್ಲಿ ಚಳಿಯ ಮಾತೇ ಇಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ದಂಡೆಯ ಬರಡು ಬೆಟ್ಟಗಳಲ್ಲಿ 100 ಕಿ.ಮೀ. ಓಟ ನಡೆಯಿತು. ಹೆಚ್ಚಿನವರು ತೆಳು ಅಂಗಿ, ಚಡ್ಡಿಯಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಏರುದಾರಿಯ ಎತ್ತರದಲ್ಲಿ ಆಲಿಕಲ್ಲು, ಕೊರೆಯುವಷ್ಟು ತಣ್ಣನೆಯ ಮಳೆ, ಬಿರುಗಾಳಿ ಎರಗಿತು. 172 ಮಂದಿಯಲ್ಲಿ 21 ಮಂದಿ ಸತ್ತರು, ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಸೊನ್ನೆ ಡಿಗ್ರಿ ಬೇಕಾಗಿಲ್ಲ, ಐದಾರು ಡಿಗ್ರಿಯಲ್ಲೂ ದೇಹ ಸೋಲುತ್ತದೆ. ಓಡುತ್ತಿರುವವರೆಗೆ ಬಿಸಿಯಿರುತ್ತದೆ, ಕಾಲು ಉಳುಕಿ ಕೂತ ಹದಿನೈದು ನಿಮಿಷದಲ್ಲಿ ಕಥೆ ಬದಲಾಗುತ್ತದೆ.

ಆದ್ದರಿಂದ ಟೋಪಿಯಿರುವ ಮಳೆ-ಗಾಳಿ ಜಾಕೆಟ್, ತೆಳು ಕೈಗವಸು, ನೂರು ಗ್ರಾಂ ತೂಗುವ ತುರ್ತು ಹೊದಿಕೆಯ ಚೀಲ, ಹೆಡ್‌ಲ್ಯಾಂಪ್, ಸೀಟಿ ಇಷ್ಟು ಪ್ರತಿಯೊಬ್ಬರ ಬಳಿಯೂ ಬೇಕು, ಮೂವರಿಗೆ ಒಂದೆಂದಲ್ಲ. ಮೂಗಿಗಿಂತ ಮೂಗುತಿ ಭಾರ ಮಾಡಿಕೊಳ್ಳುವುದೂ ಬೇಡ. ಇವೆಲ್ಲ ಸೇರಿ ಅರ್ಧ ಕೆ.ಜಿ. ಆಸುಪಾಸು. ಏಪ್ರಿಲ್‌ನಲ್ಲೂ ತುದಿಯ ಉತ್ತರ ಮಗ್ಗುಲಲ್ಲಿ ಹಿಮ ಉಳಿದಿರಬಹುದು, ಬೆಳಿಗ್ಗೆ ಅದು ಗಾಜಿನಷ್ಟು ಗಟ್ಟಿ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೋಗುವುದಾದರೆ ಗುಡುಗು ಮಧ್ಯಾಹ್ನಕ್ಕೆ ಕಟ್ಟುತ್ತದೆ, 11ರೊಳಗೆ ದಿಬ್ಬದ ನೆತ್ತಿ ಬಿಟ್ಟು ಇಳಿದಿರಬೇಕು. ನಿಮ್ಮ ತಲೆಯ ಮೇಲೆ ಮಳೆಯಿಲ್ಲದಿದ್ದರೂ ಮೇಲೆ ಸುರಿದ ನೀರು ಒಣಹಳ್ಳದಲ್ಲಿ ಒಮ್ಮೆಲೇ ನುಗ್ಗಬಹುದು, ಸುಟ್ಟ ಬೆಟ್ಟದಡಿ ಇನ್ನೂ ಬೇಗ.

ಎತ್ತರದ ಬಗ್ಗೆ ಚಿಕ್ಕದಾಗಿ: 1,500 ಮೀಟರ್ ದಾಟಿದ ಮೇಲೆ ಪ್ರತಿ ನೂರು ಮೀಟರಿಗೆ ದೇಹದ ಗರಿಷ್ಠ ಸಾಮರ್ಥ್ಯ ಸರಿಸುಮಾರು ಶೇ. 1ರಂತೆ ಕುಗ್ಗುತ್ತದೆ. ಮೇಲೆ ಉಸಿರು ಹತ್ತಿದರೆ ಗಾಬರಿಯಾಗದೆ ನಡೆಯಿರಿ. ವಾಕ್ಯ ಪೂರ್ತಿ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ.

ಹಾವು, ಕಳ್ಳಿ, ಜೇನು

ಬಾಲದಲ್ಲಿ ಗಿಲಕಿಯಿರುವ ಬುಡುಬುಡಿಕೆ ಹಾವು (ರ್ಯಾಟಲ್ ಸ್ನೇಕ್) ಅಟ್ಟಿಸಿಕೊಂಡು ಬರುವುದಿಲ್ಲ. ತನ್ನ ಉದ್ದದ ಅರ್ಧದಷ್ಟು ದೂರ ಎಗರುತ್ತದೆ, ಎರಡು ಮೀಟರ್ ಬಿಟ್ಟರೆ ಸಾಕು. ನಸುಕಿನಲ್ಲೂ ಬೆಚ್ಚಗಿನ ರಾತ್ರಿಯಲ್ಲೂ ದಾರಿಯ ಮೇಲೆ ಮಲಗಿರುತ್ತದೆ. ಇಯರ್‌ಫೋನ್ ತೆಗೆದಿಡಿ, ಕಾಣದ ಬಂಡೆಯಂಚಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂಜುಗಡ್ಡೆ ಇಡುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕೈ ಅಥವಾ ಕಾಲು ಅಲುಗದಂತೆ ಎದೆಯ ಮಟ್ಟದಲ್ಲಿಟ್ಟು ಸಹಾಯ ಕರೆಸಿ. ಔಷಧಿ ಇರುವುದು ಆಸ್ಪತ್ರೆಯಲ್ಲಿ ಮಾತ್ರ.

ನಿಜವಾಗಿ ನಿಮಗೆ ಎದುರಾಗುವುದು ಚೋಯಾ ಕಳ್ಳಿ. ಮುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಅದರ ಮುಷ್ಟಿಗಾತ್ರದ ತುಂಡು ಮೀನಖಂಡಕ್ಕೆ ಕಚ್ಚಿಕೊಂಡಿರುತ್ತದೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿರುವುದರಿಂದ ಕೈಯಿಂದ ಕಿತ್ತರೆ ಕೈಗೂ ಹತ್ತುತ್ತದೆ. ಒಂದು ಬಾಚಣಿಗೆ ಇಟ್ಟುಕೊಳ್ಳಿ. ಹಲ್ಲುಗಳನ್ನು ತುಂಡಿಗೂ ಚರ್ಮಕ್ಕೂ ನಡುವೆ ತೂರಿಸಿ, ಯಾರೂ ನಿಂತಿರದ ಕಡೆಗೆ ಫಕ್ಕನೆ ಎಗರಿಸಿ. ಉಳಿದ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ.

ಮೇಲೆ ಕರಡಿಯೋ ಪ್ಯೂಮಾವೋ ಕಂಡರೆ ಓಡಬೇಡಿ. ಮುಖ ಕೊಟ್ಟು, ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಮಾತಾಡುತ್ತ ಹಿಂದೆ ಸರಿಯಿರಿ. ಓಡಬೇಕಾದದ್ದು ಜೇನು ಎದ್ದಾಗ ಮಾತ್ರ. ಆ ಸೀಮೆಯ ಜೇನು ಬಲು ಸಿಡುಕು. ಮುಖ ಮುಚ್ಚಿಕೊಂಡು ನಿಲ್ಲದೆ ಓಡಿ.

ಒಂಬತ್ತು ವಾರ

ವಾರಕ್ಕೆ ಓಡುವ ದೂರ ಹೆಚ್ಚಿಸುವ ಅಗತ್ಯವಿಲ್ಲ, ಏರು ಹೆಚ್ಚಿಸಿ. ವಾರದಲ್ಲೊಂದು ದಿನ ಟ್ರೆಡ್‌ಮಿಲ್ ಅನ್ನು 12-15 ಶೇಕಡಾ ಏರಿಗಿಟ್ಟು 40 ನಿಮಿಷ ಚುರುಕಾಗಿ ನಡೆಯಿರಿ, ಬೆನ್ನಿಗೆ ನೀರಿನ ಚೀಲ ಇರಲಿ. ಏಕೆಂದರೆ ಆ ದಿನ ನೀವು ಅರ್ಧಕ್ಕೂ ಹೆಚ್ಚು ಹೊತ್ತು ಮಾಡುವುದು ನಡಿಗೆಯನ್ನೇ, ಮತ್ತು ರಸ್ತೆ ಓಟಗಾರರು ಎಂದೂ ಅಭ್ಯಾಸ ಮಾಡದಿರುವುದೂ ಅದನ್ನೇ. ವಾರಾಂತ್ಯದ ಉದ್ದ ಓಟವನ್ನು ಗಂಟೆಯಲ್ಲಿ ಅಳೆಯಿರಿ: ಎರಡೂವರೆಯಿಂದ ಶುರುವಾಗಿ ಏಳನೇ ವಾರಕ್ಕೆ ಐದು ಗಂಟೆ. ಅದರಲ್ಲೇ ತಿನ್ನುವ ಅಭ್ಯಾಸವೂ ಆಗಲಿ, ಗಂಟೆಗೆ 40ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್. ಬಿಸಿಲಲ್ಲಿ ಕರುಳಿಗೆ ರಕ್ತ ಕಡಿಮೆ ಹೋಗುವುದರಿಂದ ಸಿಹಿ ಜೆಲ್ ಬೇಗ ಓಕರಿಕೆ ತರಿಸುತ್ತದೆ, ಉಪ್ಪಿನ ತಿನಿಸೂ ಜೊತೆಗಿರಲಿ.

ಹೋಗಿ ಬರುವ ಆಯ್ಕೆಯಾದರೆ ಓಟಕ್ಕೆ ಎರಡು-ಮೂರು ವಾರ ಮುಂಚೆ ಒಂದು ಉದ್ದ ಇಳಿಜಾರು ಓಡಿ. ತೊಡೆ ಮೂರು ದಿನ ನೋಯುತ್ತದೆ. ಆದರೆ ಒಮ್ಮೆ ಆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ಒಡೆಯುವುದಿಲ್ಲ.

ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ದಿನಕ್ಕೆ 60ರಿಂದ 90 ನಿಮಿಷ ಹಗುರವಾಗಿ. ಮೊದಲ ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚಿ ಎದೆಬಡಿತ ಇಳಿಯುತ್ತದೆ, ಬೇಗ ಬೆವರುವುದನ್ನು ಮೈ ಕಲಿಯುತ್ತದೆ. ಟೂಸಾನ್‌ನಲ್ಲಿದ್ದರೂ ನಸುಕಿಗೆ ಓಡಿ, ಹಗಲೆಲ್ಲ ಎಸಿಯಲ್ಲಿ ಕೂರುವವರಿಗೆ ಇದು ತಾನಾಗಿ ಬರುವುದಿಲ್ಲ. ಕೊನೆಯ ಎರಡು-ಮೂರು ವಾರದಲ್ಲಿ ಕೆಲವು ಓಟಗಳನ್ನು ಬೇಕೆಂದೇ ಸಂಜೆ 4-5 ಗಂಟೆಗೆ ಇಟ್ಟುಕೊಳ್ಳಿ. ಜ್ವರ ಅಥವಾ ಭೇದಿಯಾಗಿದ್ದ ವಾರ ಮಾತ್ರ ಬಿಸಿಲಿಗೆ ಇಳಿಯಬೇಡಿ.

ಆರನೇ ವಾರ ಗೆಳತಿಯರೊಂದಿಗೆ ದಾರಿಯ ಮೊದಲ 8 ಕಿ.ಮೀ. ಕತ್ತಲಲ್ಲೇ ಹತ್ತಿ ಬನ್ನಿ. ಒಣಹಳ್ಳ ದಾಟುವ ಜಾಗಗಳನ್ನು ಫೋನಿನ ಆಫ್‌ಲೈನ್ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಐದು ನಿಮಿಷ ದಾರಿಯ ಗುರುತು ಕಾಣದಿದ್ದರೆ ಕೊನೆಯ ಗುರುತಿಗೆ ಹಿಂದಿರುಗಿ. ಅಡ್ಡ ಹಾಯ್ದು ಹುಡುಕಬೇಡಿ. ಬಿಸಿಲಲ್ಲಿ ಫೋನು ಕಾದು ತಾನೇ ಆರಿಹೋಗುತ್ತದೆ, ಅದನ್ನು ನೆರಳಿರುವ ಜೇಬಿನಲ್ಲಿಡಿ. ಕಣಿವೆಯಲ್ಲಿ ಸಿಗ್ನಲ್ ಇರದ ಕಾರಣ ಒಂದು ಸ್ಯಾಟಲೈಟ್ ಸಂದೇಶ ಸಾಧನ ಬಾಡಿಗೆಗೆ ಪಡೆಯಿರಿ. ಎಷ್ಟು ಗಂಟೆಯೊಳಗೆ ನಿಮ್ಮಿಂದ ಸುದ್ದಿ ಬಾರದಿದ್ದರೆ 911ಕ್ಕೆ ಹೇಳಬೇಕು ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ.

ಆ ಅಭ್ಯಾಸದ ದಿನ 8 ಕಿ.ಮೀ. ಹತ್ತಲು ನಿಮ್ಮಲ್ಲಿ ಹಿಂದುಳಿದವರಿಗೆ ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿದರೆ ಹೋಗಿ ಬರುವ ಯೋಚನೆ ಬಿಟ್ಟು, ಮೇಲಕ್ಕೆ ಕಾರು ಗೊತ್ತು ಮಾಡಿ. ಹಿಂದಿನ ಸಂಜೆ ಹವಾಮಾನ ಮುನ್ಸೂಚನೆಯಲ್ಲಿ ಬುಡಕ್ಕೆ 35 ಡಿಗ್ರಿ ಕಂಡರೂ ಅದೇ ತೀರ್ಮಾನ.